ಫಾರ್ಮ್ಯಾಟ್ ಹೊಡೆಯುವ ಮೊದಲು

ಮನೆಯ ಕಂಪ್ಯೂಟರ್ ದಿನಕ್ಕೆರಡು ಸಲ ತಾನಾಗಿ ಆಫ್ ಆಗುತ್ತಿದೆ ಎಂದು ಹೊಸಪೇಟೆಯಲ್ಲಿ ಅಂಗಡಿಗೆ ಹೊತ್ತುಕೊಂಡು ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: “ಫಾರ್ಮ್ಯಾಟ್ ಹೊಡದು ಕೊಡ್ತೀನಿ ಸರ್, ಎಲ್ಲಾ ಸರಿ ಹೋಗ್ತೈತಿ.” ಕೆಲವೊಮ್ಮೆ ಸರಿಹೋಗುವುದೂ ಉಂಟು. ಬಹಳ ಸಲ ಮೂರನೇ ದಿನಕ್ಕೆ ಮತ್ತದೇ ಕಥೆ. ಅಷ್ಟರಲ್ಲಿ ಮದುವೆಯ ಫೋಟೊ, ಮಗಳ ಕಾಲೇಜು ಪ್ರಾಜೆಕ್ಟು, ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿಟ್ಟ ಹಳೆಯ ಕಡತಗಳು ಹೋಗಿರುತ್ತವೆ. ಕಡತ ಉಳಿದರೂ ಆ ಹಳೆಯ ಫಾಂಟು ಉಳಿದಿರುವುದಿಲ್ಲ. ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ಅಂಗಡಿಯ ಹುಡುಗರನ್ನು ದೂರುವ ಮನಸ್ಸು ನನಗಿಲ್ಲ. ಮೇಜಿನ ಕೆಳಗೆ ಸಾಲಾಗಿ ಸಿಪಿಯುಗಳು ಕಾದಿರುವಾಗ ಒಂದು ಗಂಟೆಯಲ್ಲಿ ಮುಗಿಯುವ ಕೆಲಸವನ್ನೇ ಅವರು ಆರಿಸಿಕೊಳ್ಳುತ್ತಾರೆ. ಆದರೆ ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಹೇಳಿಕೊಂಡು ಬಂದಿರುವ ಮಾತನ್ನು ಈ ವಾರ ಬಿಡಿಸಿ ಹೇಳಬೇಕಾಗಿದೆ. ಕಂಪ್ಯೂಟರ್ ಯಾಕೆ ಬಿತ್ತು ಎಂಬುದಕ್ಕೆ ಸಾಕ್ಷಿ ಅದರೊಳಗೇ ಬರೆದಿಟ್ಟಿರುತ್ತದೆ. ಫಾರ್ಮ್ಯಾಟ್ ಆ ಸಾಕ್ಷಿಯನ್ನೇ ಮೊದಲು ಅಳಿಸುತ್ತದೆ. ಇನ್ನು ನಮ್ಮ ಸೀಮೆಯಲ್ಲಂತೂ ಎಷ್ಟೋ ಸಲ ಕಾರಣ ವಿಂಡೋಸ್‌ನಲ್ಲಿ ಇರುವುದೇ ಇಲ್ಲ. ಗಾಳಿಯಲ್ಲಿ, ಗೋಡೆಯ ಸಾಕೆಟ್ಟಿನಲ್ಲಿ, ನೆಲದಲ್ಲಿ ಇರುತ್ತದೆ.

ಮೊದಲ ಕೆಲಸ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಡುವುದು. ಯಾವಾಗ ಬಿತ್ತು, ಆಗ ಏನು ನಡೆದಿತ್ತು, ನೀಲಿ ಪರದೆ ಬಂತೋ ಇಲ್ಲವೋ, ಫ್ಯಾನಿನ ಸದ್ದು ಏರಿತ್ತೋ, ಕರೆಂಟು ಹೋಗಿ ಬಂದಿತ್ತೋ, ಇಷ್ಟನ್ನು ಬರೆಯಿರಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಾಗ ಅಲ್ಲಿನವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ ಕಥೆ ಎಲ್ಲರಿಗೂ ಗೊತ್ತು. ನನಗೆ ಅದರಲ್ಲಿ ಹಿಡಿಸುವುದು ಪತಂಗವಲ್ಲ, ಅದರ ಪಕ್ಕ ಬರೆದಿರುವ ಹೊತ್ತು. ಮಧ್ಯಾಹ್ನ 3.45, ಯಾವ ಫಲಕ, ಯಾವ ರಿಲೇ ಎಂಬುದೆಲ್ಲ ಅಲ್ಲಿದೆ.

ವಿಂಡೋಸ್ ಕೂಡ ಇಂಥದೇ ದಿನಚರಿ ಇಡುತ್ತದೆ. ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಎಂದು ಟೈಪು ಮಾಡಿದರೆ ದಿನವಾರು ಪಟ್ಟಿ ತೆರೆದುಕೊಳ್ಳುತ್ತದೆ. ಬಿದ್ದ ದಿನಗಳಲ್ಲಿ ಕೆಂಪು ಗುರುತು. ಅದೇ ದಿನ ಹೊಸ ಡ್ರೈವರ್ ಬಂದಿತ್ತೋ, ಅಪ್‌ಡೇಟ್ ಆಗಿತ್ತೋ ಅದೂ ಪಕ್ಕದಲ್ಲೇ ಇರುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡರೆ ಯಂತ್ರ ಕ್ರಮವಾಗಿ ಬಂದ್ ಆಗದೆ ಏಕಾಏಕಿ ನಿಂತಿದೆ ಎಂದು ತಿಳಿಯಿರಿ. ಅದರ ವಿವರದಲ್ಲಿ ‘ಬಗ್‌ಚೆಕ್‌ಕೋಡ್’ ಎಂಬ ಸಾಲು ಇರುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ವಿಂಡೋಸ್ ತಾನೇ ದೋಷ ಕಂಡು ನೀಲಿ ಪರದೆ ತೋರಿಸಿದೆ. ಸೊನ್ನೆ ಇದ್ದರೆ ಹೆಚ್ಚಿನ ಸಲ ವಿಂಡೋಸ್‌ಗೆ ಏನಾಯಿತೆಂದು ಬರೆಯುವಷ್ಟು ಸಮಯವೇ ಸಿಕ್ಕಿಲ್ಲ. ಆಗ ನಾನು ಸಾಫ್ಟ್‌ವೇರ್ ಬಿಟ್ಟು ಬಿಸಿ, ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಪೆಟ್ಟಿಗೆ, ಕರೆಂಟು ಈ ಮೂರರ ಕಡೆ ತಿರುಗುತ್ತೇನೆ. ಇನ್ನೊಂದು ಮಾತು: ನೀಲಿ ಪರದೆ ಬಂದರೂ ವಿಂಡೋಸ್ ತಾನಾಗಿ ರೀಸ್ಟಾರ್ಟ್ ಆಗಿಬಿಡುವುದರಿಂದ ಅದನ್ನು ಓದಲು ಆಗುವುದಿಲ್ಲ. ಸಿಸ್ಟಂ ಪ್ರಾಪರ್ಟೀಸ್‌ನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ಆಟೊಮ್ಯಾಟಿಕ್ ರೀಸ್ಟಾರ್ಟ್‌ನ ಟಿಕ್ ತೆಗೆದುಹಾಕಿ. ಪರದೆ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಈಗ ಸಂಡೂರಿಗೆ ಬರೋಣ. ಅಲ್ಲಿನ ಮನೆಗಳ ಸಿಪಿಯು ಬಿಚ್ಚಿದವರಿಗೆ ಗೊತ್ತು, ಒಳಗಿನ ಧೂಳು ಬೂದು ಬಣ್ಣದ್ದಲ್ಲ, ಕೆಂಪು. ದೋಣಿಮಲೈ, ದೇವಗಿರಿಯ ಬೆಟ್ಟಗಳ ಅದಿರು ಮುಖ್ಯವಾಗಿ ಹೆಮಟೈಟ್. ಮಾಮೂಲಿ ಮರಳಿನ ಕಣಕ್ಕೆ ಹೋಲಿಸಿದರೆ ಅಷ್ಟೇ ಗಾತ್ರದ ಹೆಮಟೈಟ್ ಕಣ ಹೆಚ್ಚುಕಡಿಮೆ ಎರಡು ಪಟ್ಟು ತೂಗುತ್ತದೆ. 2000ರ ದಶಕದ ಗಣಿ ಭರಾಟೆಯಲ್ಲಿ ಅದಿರು ಲಾರಿಗಳ ಸಾಲು ಹೊಸಪೇಟೆಯ ರಸ್ತೆಗಳನ್ನೂ ಕೆಂಪಾಗಿಸಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮಿತಿಗಳೊಂದಿಗೆ ಗಣಿಗಳು ಮತ್ತೆ ತೆರೆದವು, ಲಾರಿಗಳೂ ಬಂದವು. ಈ ಧೂಳು ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತು, ಮಳೆಗಾಲದ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ ಗಟ್ಟಿ ಪದರವಾಗುತ್ತದೆ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಗಾಳಿ ಒಳಗೆ ಇಳಿಯುವುದಿಲ್ಲ.

ಬ್ಲೋವರ್ ಹೊಡೆಯುವುದಕ್ಕೂ ಒಂದು ಕ್ರಮವಿದೆ, ಅದನ್ನು ಪಾಲಿಸುವವರು ಕಡಿಮೆ. ವೈರು ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ, ಸಿಪಿಯುವನ್ನು ಅಂಗಳಕ್ಕೆ ಒಯ್ಯಬೇಕು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಕೆಂಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದೇ ಗಾಳಿ ಹಾಯಿಸಬೇಕು. ಬ್ಲೋವರಿನ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ, ಕಡಲೆಕಾಳಿನಷ್ಟು ಹೊಸದನ್ನು ಹಚ್ಚಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಏಸಿ ಅದರೊಳಗೆ ಸುಮಾರು 325 ವೋಲ್ಟಿನ ಡಿಸಿ ಆಗಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ. ವೈರು ಕಿತ್ತ ಮೇಲೂ ಅದು ಹೊಡೆಯಬಹುದು. ಹೊರಗಿನ ಜಾಲರಿಯಿಂದ ಗಾಳಿ ಊದಿದರೆ ಸಾಕು.

ಬಿಸಿಯ ಲೆಕ್ಕ ಸರಳ. ಕೋಣೆಯ ಗಾಳಿ 25 ಡಿಗ್ರಿ ಇರುವಾಗ 75 ಡಿಗ್ರಿಯಲ್ಲಿ ಕೆಲಸ ಮಾಡುವ ಪ್ರೊಸೆಸರ್, ಏಪ್ರಿಲ್ ತಿಂಗಳ ಹೊಸಪೇಟೆಯ 40 ಡಿಗ್ರಿ ಕೋಣೆಯಲ್ಲಿ 90ಕ್ಕೆ ಹೋಗುತ್ತದೆ. ಈಗಿನ ಹಲವು ಪ್ರೊಸೆಸರ್‌ಗಳು 100ರ ಹತ್ತಿರ ಬಂದಾಗ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರ ಆಫ್ ಆಗುತ್ತದೆ. ಜನವರಿಯಲ್ಲಿ ಚೆನ್ನಾಗಿದ್ದದ್ದು ಏಪ್ರಿಲ್‌ನಲ್ಲಿ ಕೆಟ್ಟಿತೆಂದರೆ ವೈರಸ್ಸನ್ನು ಬೈಯುವ ಮೊದಲು ಗೋಡೆಗೆ ಒತ್ತಿಟ್ಟ ಸಿಪಿಯುವನ್ನು ಅರ್ಧ ಅಡಿ ಮುಂದಕ್ಕೆ ಎಳೆಯಿರಿ. ಕೆಪಾಸಿಟರಿಗೂ ಬಿಸಿ ಶತ್ರು. ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಮದರ್‌ಬೋರ್ಡಿನ ಮೇಲಿನ ಆ ಸಣ್ಣ ಸಿಲಿಂಡರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಕಂಪ್ಲಿಯಿಂದ ಬರುವ ದೂರು ಬೇರೆ ಬಗೆಯದು. “ಇನ್ವರ್ಟರ್ ಐತ್ರಿ, ಆದ್ರೂ ಕರೆಂಟ್ ಹೋದಾಗೆಲ್ಲ ಕಂಪ್ಯೂಟರ್ ಆಫ್ ಆಗಿ ಆನ್ ಆಗ್ತೈತಿ. ಮೊದ್ಲು ಹಂಗ ಆಗ್ತಿರಲಿಲ್ಲ.” ಈ ಕೊನೆಯ ಮಾತಿನಲ್ಲೇ ಉತ್ತರವಿದೆ. ಕರೆಂಟು ಕಡಿದ ಕ್ಷಣದಿಂದ ಬ್ಯಾಟರಿ ಕೈಹಿಡಿಯುವವರೆಗೆ ಒಂದು ಸಣ್ಣ ಅಂತರ ಇದ್ದೇ ಇರುತ್ತದೆ. ಆ ಅಂತರವನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ದಾಟಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ಸುಮಾರು 16–17 ಮಿಲಿಸೆಕೆಂಡ್ ತಡೆಯುವಂತೆ ಮಾಡಿರುತ್ತಾರೆ. ಮನೆ ಇನ್ವರ್ಟರುಗಳಲ್ಲಿ ಹಲವಕ್ಕೆ ಎರಡು ನಡೆಗಳಿರುತ್ತವೆ. ಫ್ಯಾನು, ಬಲ್ಬಿಗೆ ಸಾಕಾಗುವ ನಿಧಾನದ್ದೊಂದು, ಕಂಪ್ಯೂಟರಿಗೆ ಬೇಕಾದ ಚುರುಕಿನದೊಂದು. ಹಿಂಬದಿಯ ಪುಟ್ಟ ಸ್ವಿಚ್ಚಿನಲ್ಲಿ ‘ಯುಪಿಎಸ್’ ಎಂದಿರುವುದು ಚುರುಕಿನದು. ಬ್ಯಾಟರಿಗೆ ನೀರು ಹಾಕಲು ಬಂದವರೋ, ಮನೆಯ ಮಕ್ಕಳೋ ಅದನ್ನು ಸರಿಸಿಬಿಟ್ಟಿರುತ್ತಾರೆ. ಸ್ವಿಚ್ ಸರಿಯಾಗಿಯೇ ಇದ್ದರೆ ಎಸ್‌ಎಂಪಿಎಸ್ ಮುದಿಯಾಗಿದೆ. ಒಳಗಿನ ಕೆಪಾಸಿಟರ್ ಒಣಗಿ ಮೊದಲಿನಷ್ಟು ಹೊತ್ತು ತಡೆಯಲಾರದು. ಈ ಎರಡನ್ನೂ ಯಾವ ಫಾರ್ಮ್ಯಾಟೂ ಸರಿಪಡಿಸುವುದಿಲ್ಲ.

ಸಂಜೆ ಹೊತ್ತಿಗೆ ವೋಲ್ಟೇಜ್ ಕುಸಿಯುವುದು, ಅಕ್ಕಿ ಗಿರಣಿಯೋ ಪಂಪ್‌ಸೆಟ್ಟೋ ಚಾಲೂ ಆದಾಗ ಬಲ್ಬು ಒಮ್ಮೆ ಮಂಕಾಗುವುದು ಹೊಳೆಯ ದಂಡೆಯ ಊರುಗಳಿಗೆ ಹೊಸದಲ್ಲ. ದೊಡ್ಡ ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ನೋಟ್‌ಬುಕ್ಕಿನಲ್ಲಿ ಬಿದ್ದ ಹೊತ್ತೆಲ್ಲ ಸಂಜೆ ಆರರಿಂದ ಒಂಬತ್ತರ ಒಳಗೆ ಬಂದಿದ್ದರೆ, ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಆ ಹೊತ್ತಿಗೆ ಸಾಕೆಟ್ ಅಳೆಯಿರಿ. ಕ್ಯಾಬಿನೆಟ್ ಜೊತೆಗೇ ಬರುವ ಹಗುರ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದ್ದರೂ ನಾನು ನಂಬುವುದಿಲ್ಲ. ಕೈಯಲ್ಲಿ ಹಿಡಿದರೆ ತೂಕ ಇರಬೇಕು, 80 ಪ್ಲಸ್ ಗುರುತು ಇರಬೇಕು. ಮನೆಯಲ್ಲಿ ಕಂಪ್ಯೂಟರ್ ಕಟ್ಟಿಸುವವರು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ತೆಗೆದಿಟ್ಟರೆ ಅರ್ಧ ತೊಂದರೆ ಬರುವುದೇ ಇಲ್ಲ.

ಹಂಪಿ, ಕಮಲಾಪುರ, ಕಡ್ಡಿರಾಂಪುರದ ಕಡೆ ನಾನು ಮೊದಲು ಕೇಳುವ ಪ್ರಶ್ನೆ ಅರ್ಥಿಂಗ್ ಬಗ್ಗೆ. ಸಿಪಿಯುವಿನ ತಗಡು ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಹೆಚ್ಚಿನ ಸಲ ಅರ್ಥ್ ವೈರು ನೆಲ ಮುಟ್ಟಿಲ್ಲ. ಎಸ್‌ಎಂಪಿಎಸ್‌ನ ಬಾಗಿಲಲ್ಲಿ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಒಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ಥ್ ಇಲ್ಲದಿದ್ದರೆ ತಗಡು ನಡುವಿನಲ್ಲಿ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ಅತ್ಯಲ್ಪವಾದ್ದರಿಂದ ಬರೀ ಜುಮ್ಮೆನ್ನುತ್ತದೆ. ಆದರೆ ಪ್ರಿಂಟರ್, ಪೆನ್‌ಡ್ರೈವ್, ಕೇಬಲ್ ಸಿಕ್ಕಿಸಿದಾಗ ಆ ವಿದ್ಯುತ್ತು ಡೇಟಾ ತಂತಿಗಳ ಮೂಲಕ ದಾರಿ ಹುಡುಕುತ್ತದೆ. ಯುಎಸ್‌ಬಿ ಕಡಿದು ಬೀಳುವುದು, ಯಂತ್ರ ಹ್ಯಾಂಗ್ ಆಗುವುದು, ಕೊನೆಗೆ ಪೋರ್ಟೇ ಸುಡುವುದು ಇದರಿಂದ ಆಗಬಹುದು. ನಮ್ಮ ಕಷ್ಟವೆಂದರೆ ಹಂಪಿಯ ನೆಲದಡಿ ಗ್ರಾನೈಟ್ ಬಂಡೆ. ಬಂಡೆ ವಿದ್ಯುತ್ತನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಎರಡಡಿ ಅಗೆದು ಬಂಡೆ ತಾಗಿದ ಕೂಡಲೇ ಪೈಪು ಹೂತು ಮುಚ್ಚಿದರೆ ಅದು ಹೆಸರಿಗಷ್ಟೇ ಅರ್ಥಿಂಗ್. ಮಣ್ಣು ಆಳವಿರುವ ಜಾಗ ಹುಡುಕಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ತಂತಿ ಎಳೆಯಬೇಕು. ಎರೆಮಣ್ಣಿನ ಊರುಗಳಲ್ಲೂ ಬೇಸಿಗೆಯಲ್ಲಿ ನೆಲ ಬಿರಿದು ಪೈಪಿನ ಹಿಡಿತ ತಪ್ಪುತ್ತದೆ. ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. ಈ ಕೆಲಸ ನೀವೇ ಮಾಡುವಂಥದ್ದಲ್ಲ. ಇದು ಕಂಪ್ಯೂಟರಿನ ಪ್ರಶ್ನೆಯಷ್ಟೇ ಅಲ್ಲ, ಮನೆಯವರ ಜೀವದ ಪ್ರಶ್ನೆ.

ಇಷ್ಟೆಲ್ಲ ನೋಡಿದ ಮೇಲೂ ಬೀಳುತ್ತಿದ್ದರೆ ರ‍್ಯಾಮ್. ಕಿತ್ತು, ಹೊಂಬಣ್ಣದ ಅಂಚನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲಿ. ಒಂದೇ ಒಂದು ತಪ್ಪು ಬಂದರೂ ಆ ಪಟ್ಟಿಯನ್ನು ನಂಬಬಾರದು. ಎರಡು ಪಟ್ಟಿಗಳಿದ್ದರೆ ಒಂದೊಂದಾಗಿ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಎಲ್ಲೂ ಮುರಿಯಬೇಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ಗೊತ್ತಾಗುವುದೇ ಇಲ್ಲ.

ತಪ್ಪು ವಿಂಡೋಸ್‌ನದೋ ಯಂತ್ರದ್ದೋ ಎಂದು ತೀರ್ಮಾನಿಸಲು ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇನ್ನೊಂದಿದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ, ಇನ್‌ಸ್ಟಾಲ್ ಮಾಡದೆ, ಇಡೀ ಸಂಜೆ ಅದರಲ್ಲೇ ಹಾಡು ಕೇಳಿ, ವಿಡಿಯೊ ನೋಡಿ. ನಿಮ್ಮ ಡಿಸ್ಕಿನ ಒಂದು ಅಕ್ಷರವೂ ಅಲುಗುವುದಿಲ್ಲ. ಅದರಲ್ಲೂ ಬಿದ್ದರೆ ತಪ್ಪು ಯಂತ್ರದ್ದೆಂದೇ ನನ್ನ ತೀರ್ಮಾನ. ಅದರಲ್ಲಿ ನಿಂತು ವಿಂಡೋಸ್‌ನಲ್ಲಿ ಮಾತ್ರ ಬಿದ್ದರೆ ಡ್ರೈವರ್, ಅಪ್‌ಡೇಟ್, ಆಂಟಿವೈರಸ್ ಕಡೆ ಹೋಗಿ. ಅಲ್ಲೂ ಫಾರ್ಮ್ಯಾಟ್ ಕೊನೆಯ ಹೆಜ್ಜೆಯೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅದಕ್ಕೆ ಕಂಪನಿ ಹೇಳಿದ ಪರಿಹಾರ ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಫೈಲನ್ನು ಅಳಿಸುವುದಾಗಿತ್ತು.

ಇದೆಲ್ಲಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಹಳೆಯ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಬ್ಲೋವರ್, ಮೆಮ್‌ಟೆಸ್ಟ್ ಯಾವುದನ್ನೂ ಮುಟ್ಟಬೇಡಿ. ಪ್ರತಿ ಸಲ ಆನ್ ಮಾಡುವುದೂ ಕೊನೆಯದಾಗಬಹುದು. ಫೋಟೊ, ಮನೆಪತ್ರ, ಮಕ್ಕಳ ಅಂಕಪಟ್ಟಿ, ಹಳೆಯ ಕಡತಗಳ ಜೊತೆ ಅವುಗಳ ಫಾಂಟುಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸದ್ದು ಬರದಿದ್ದರೂ ಮಾಡಿಕೊಳ್ಳಿ. ನಕಲು ಇವತ್ತು ರಾತ್ರಿ ಆಗಲಿ, ರಿಪೇರಿ ನಾಳೆ ಬೆಳಿಗ್ಗೆ.