ಅಂಕಿತ

ವಿಧಾನಮಂಡಲವು ಒಪ್ಪಿದ ಮಸೂದೆಗೆ ರಾಜ್ಯಪಾಲರು ಅಂಕಿತ ಹಾಕಿದರೆಂದು ಬೆಳಗಿನ ವೃತ್ತಪತ್ರಿಕೆಯು ತಿಳಿಸುವುದು. ಅದೇ ಮನೆಯಲ್ಲಿ ಸಂಜೆಯ ಹೊತ್ತು ದೇವರನಾಮವನ್ನು ಹಾಡುವ ಹುಡುಗಿಯು ಕಡೆಯ ಚರಣವನ್ನು ಬಿಟ್ಟು ಎದ್ದರೆ, “ಅಂಕಿತ ಬಿಟ್ಟೆಯಲ್ಲ” ಎಂದು ಅಜ್ಜಿಯು ತಡೆಯುವಳು. ಗ್ರಂಥಕರ್ತನು ತನ್ನ ಪುಸ್ತಕವನ್ನು ಗುರುವಿಗೆ ಅಂಕಿತ ಮಾಡುವನು. ಶಾಲೆಯ ಹುಡುಗನು ಅಂಕಿತನಾಮವೆಂದರೇನೆಂಬುದನ್ನು ಬಾಯಿಪಾಠ ಮಾಡುವನು. ಒಂದೇ ಮಾತು ನಾಲ್ಕು ಎಡೆಗಳಲ್ಲಿ ನಾಲ್ಕು ಕೆಲಸಗಳನ್ನು ಮಾಡುತ್ತಿರುವುದು. ಇವುಗಳಲ್ಲಿ ರಾಜ್ಯಪಾಲರ ರುಜುವೇ ಮುಖ್ಯಾರ್ಥವೆಂದೂ, ವಚನಗಳ ಮತ್ತು ಪದಗಳ ಕೊನೆಯಲ್ಲಿ ಬರುವ ಅಂಕಿತವು ಆ ರುಜುವಿನ ಹಳೆಯ ರೂಪವೆಂದೂ ತಿಳಿದಿರುವವರೇ ಬಹುಮಂದಿ. ಈ ತಿಳಿವಳಿಕೆಯಿಂದ ಕನ್ನಡದ ಓದಿಗೂ ಗ್ರಂಥಸಂಪಾದನೆಗೂ ಒದಗಿರುವ ಹಾನಿಯು ಅಲ್ಪವಲ್ಲ.

ಅಂಕವೆಂದರೆ ಗುರುತು, ಗುರುತನ್ನು ಹೊತ್ತುದು ಅಂಕಿತ. ಇದರ ಜೊತೆಗೆ ನಿಲ್ಲುವ ಇತರ ಮಾತುಗಳ ಗುಣವೇ ಬೇರೆ. ಸಹಿಯೆಂಬುದು ಮೂಲತಃ ಅರಬ್ಬೀ ಶಬ್ದವು. ಸರಿಯಾದುದು, ದೋಷವಿಲ್ಲದುದು ಎಂದು ಅದರ ಅರ್ಥ. ಪಾರಸಿಯ ದಫ್ತರಗಳ ದಾರಿಯಿಂದ ಬಂದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದು ನೆಲೆಸಿತು. ರುಜುವಿನ ಮಗ್ಗುಲಲ್ಲಿ ರುಜುವಾತು ನಿಂತಿರುವುದರಿಂದ ಅದರ ಕಚೇರಿಯ ಸ್ವಭಾವವನ್ನು ಬೇರೆ ಹೇಳಬೇಕಾದುದಿಲ್ಲ. ಬರಹವು ನಿಜವೋ ಸುಳ್ಳೋ ಎಂದು ಶಂಕಿಸುವವನೊಬ್ಬನು ಇದಿರಿಗಿದ್ದಾನೆಂದೇ ಈ ಮಾತುಗಳು ಬಳಕೆಗೆ ಬಂದಿವೆ. ಇವಕ್ಕಿಂತ ಹಳೆಯದಾದ ಅಚ್ಚಗನ್ನಡದ ಮಾತೊಂದುಂಟು: ಒಪ್ಪ. ಒಪ್ಪವೆಂದರೆ ಹೊಳಪು, ಅಂದ. ಒಪ್ಪುವುದೆಂದರೆ ಸಮ್ಮತಿಸುವುದೂ ಹೌದು, ಶೋಭಿಸುವುದೂ ಹೌದು. ಶಾಸನಗಳ ಕಡೆಯಲ್ಲಿ ಬರುವ ದೊರೆಯ ಹಸ್ತಾಕ್ಷರಕ್ಕೆ ಒಪ್ಪವೆಂಬ ಹೆಸರು ನಮ್ಮಲ್ಲಿತ್ತೆಂಬುದನ್ನು ನೆನೆದರೆ, ಸಹಿಯೆಂಬ ಮಾತಿಗೆ ಮನೆಯನ್ನು ಬಿಟ್ಟುಕೊಟ್ಟು ನಾವು ಸ್ವಲ್ಪ ಬಡವರಾದೆವೆಂದೇ ತೋರುವುದು.

ಆ ಒಪ್ಪದಲ್ಲಿ ದೊರೆಯು ಬರೆಯುತ್ತಿದ್ದುದೇನು? ವಿಜಯನಗರದ ಅರಸರ ತಾಮ್ರಪಟಗಳನ್ನು ನೋಡಬೇಕು. ಒಕ್ಕಣೆಯು ಸಂಸ್ಕೃತದಲ್ಲಿ, ಅಕ್ಷರವು ನಂದಿನಾಗರಿಯಲ್ಲಿ. ಕೊನೆಗೆ ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುವುದು. ದಾನವನ್ನು ಕೊಟ್ಟವನ ಹೆಸರು ಅಲ್ಲಿಲ್ಲ. 1509ರಿಂದ 1529ರ ವರೆಗೆ ಆಳಿದ ಕೃಷ್ಣದೇವರಾಯನು ತಿರುಪತಿಯ ವೆಂಕಟೇಶ್ವರನಲ್ಲಿ ಪರಮಭಕ್ತನಾಗಿದ್ದವನು. ತೆಲುಗಿನಲ್ಲಿ ಆಮುಕ್ತಮಾಲ್ಯದವೆಂಬ ವೈಷ್ಣವಕಾವ್ಯವನ್ನು ರಚಿಸಿದವನು. ಆದರೂ ಅವನ ಪಟಗಳ ಒಪ್ಪವು ಶ್ರೀ ವಿರೂಪಾಕ್ಷನದೇ. ರಾಜ್ಯವು ಪಂಪಾಪತಿಯದು, ಅರಸನು ಅವನ ಪರವಾಗಿ ಕೈಯೆತ್ತುವವನು ಎಂಬ ಭಾವವು ಅಲ್ಲಿ ಅಡಗಿದೆ. ಹೊಯ್ಸಳರ ಒಪ್ಪದಲ್ಲಿ ‘ಮಲಪರೊಳ್ಗಂಡ’ ಎಂಬ ಬಿರುದು ಬರುವುದು. ಅಲ್ಲಿಯೂ ತಂದೆತಾಯಿಗಳು ಇಟ್ಟ ಹೆಸರು ಬಾರದು. ಇದಕ್ಕೆ ತದ್ವಿರುದ್ಧವಾಗಿ ಅದೇ ಹೊಯ್ಸಳರ ಗುಡಿಗಳಲ್ಲಿ ಉಳಿ ಹಿಡಿದ ಶಿಲ್ಪಿಗಳು ತಮ್ಮ ಹೆಸರುಗಳನ್ನೇ ಕೆತ್ತಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, 1268ರ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಮೂರ್ತಿಗಳ ಪೀಠದಲ್ಲಿ ಇಂದಿಗೂ ತಮ್ಮ ಹೆಸರಿನಿಂದಲೇ ನಿಂತಿರುವರು. ಹೆಸರನ್ನು ಮರೆಸುವುದೇ ಈ ನಾಡಿನ ಸಹಜಧರ್ಮವೆಂದು ಉಪನ್ಯಾಸ ಮಾಡುವವರು ಈ ಪೀಠಗಳ ಮುಂದೆ ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು.

ವಚನಕಾರರ ಅಂಕಿತವು ಈ ಎರಡು ಸಂಪ್ರದಾಯಗಳಲ್ಲಿ ಅರಸರ ಒಪ್ಪಕ್ಕೆ ಸಮೀಪವಾದುದು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಮಹಾದೇವಿಯಕ್ಕನದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ಇಲ್ಲೊಂದು ವಿನೋದವುಂಟು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಗಳನ್ನು ವಿಂಗಡಿಸುವಾಗ ರೂಢ, ಅನ್ವರ್ಥ, ಅಂಕಿತ ಎನ್ನುವನು. ಒಬ್ಬ ವ್ಯಕ್ತಿಯನ್ನು ಗುರುತಿಸಲು ಇಟ್ಟ ಹೆಸರೇ ಅಂಕಿತನಾಮ. ವ್ಯಾಕರಣದ ಪ್ರಕಾರ ಬಸವಣ್ಣ ಎಂಬುದು ಅಂಕಿತನಾಮ. ವಚನದ ಪ್ರಕಾರ ಬಸವಣ್ಣನವರ ಅಂಕಿತದಲ್ಲಿ ಬಾರದೆ ಉಳಿಯುವ ಹೆಸರು ಅದೊಂದೇ!

ಇನ್ನೂ ಮುಖ್ಯವಾದ ಭೇದವೊಂದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ಪತ್ರದ ಕೆಳಗಿನ ರುಜುವು ವಾಕ್ಯಕ್ಕೆ ಹೊರಗಿನದು, ಅದಕ್ಕೆ ವಿಭಕ್ತಿಯಿಲ್ಲ. ವಚನದ ಅಂಕಿತವಾದರೋ ವಾಕ್ಯದ ಅಂಗವು; ಅದಕ್ಕೆ ವಿಭಕ್ತಿಗಳೆಲ್ಲವೂ ಹತ್ತುವುವು. ಸಂಬೋಧನೆಯಲ್ಲಿ ಕೊನೆಯ ಸ್ವರವು ದೀರ್ಘವಾಗಿ ಕೂಡಲಸಂಗಮದೇವಾ ಎಂದು ಕೂಗಾಗುವುದು. ಷಷ್ಠಿಯಲ್ಲಿ ಕೂಡಲಸಂಗನ ಶರಣರು ಎಂದು ಒಂದು ಸಮುದಾಯವನ್ನೇ ಕರೆತರುವುದು. ಪ್ರಥಮೆಯಲ್ಲಿ ಬಲ್ಲವನಾಗಿ, ಒಲ್ಲದವನಾಗಿ, ಸಾಕ್ಷಿಯಾಗಿ ನಿಲ್ಲುವುದು. ಹಾಗೆಯೇ ಇದರ ಮುಖವಿರುವ ದಿಕ್ಕೂ ಬೇರೆ. ರುಜುವು ಓದುವವನ ಕಡೆಗೆ ತಿರುಗಿ, ಬರೆದವನು ಇಂಥವನೆಂದು ಹೇಳುವುದು. ಅಂಕಿತವು ಓದುವವನಿಗೆ ಬೆನ್ನು ಮಾಡಿ ಮತ್ತೊಬ್ಬನನ್ನು ಕರೆಯುವುದು. ಅಷ್ಟು ಹೊತ್ತೂ ಊರವರನ್ನು ಬೈಯುತ್ತಲೋ ತನ್ನನ್ನು ತಾನೇ ಹಳಿದುಕೊಳ್ಳುತ್ತಲೋ ಇದ್ದ ಧ್ವನಿಯು ಕೊನೆಯಲ್ಲಿ ದೇವರ ಕಡೆಗೆ ತಿರುಗಿದಾಗ, ಹಿಂದೆ ಹೇಳಿದುದೆಲ್ಲವೂ ಅವನಿಗೆ ಹೇಳಿದುದೆಂದು ಕೇಳುವವನಿಗೆ ಹೊಳೆಯುವುದು. ವಚನದ ರಚನೆಯಲ್ಲಿ ಇದಕ್ಕಿಂತ ಬಲವಾದ ತಿರುವು ಮತ್ತೊಂದಿಲ್ಲ.

ಶರಣೆಯರ ಅಂಕಿತಗಳಲ್ಲಿ ಇದು ಮತ್ತಷ್ಟು ಸೂಕ್ಷ್ಮವಾಗಿರುವುದು. ಆಯ್ದಕ್ಕಿ ಮಾರಯ್ಯನ ಅಂಕಿತವು ಅಮರೇಶ್ವರಲಿಂಗ. ಅವನ ಪತ್ನಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ನೆರಳಿನಲ್ಲಿ ನಿಂತ ಹೆಂಗಸಿನ ವಿನಯವಿದೆಂದು ಒಮ್ಮೆಲೇ ತೀರ್ಮಾನಿಸುವಂತಿಲ್ಲ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಸೆಯುಳ್ಳವನೆಂದು ತಿದ್ದಿದವಳು ಈಕೆ. ಅಂಥ ವಚನಗಳ ಕೊನೆಯಲ್ಲಿ ಮಾರಯ್ಯಪ್ರಿಯನೆಂದು ದೇವರನ್ನು ಕರೆದರೆ, ನಿನಗೆ ಪ್ರಿಯನಾದವನೇ ಸಾಕ್ಷಿಯೆಂದು ಗಂಡನನ್ನು ಅವನ ದೇವರ ಮುಂದೆಯೇ ನಿಲ್ಲಿಸಿದಂತಾಗುವುದು. ಮುಕ್ತಾಯಕ್ಕನ ಅಂಕಿತದಲ್ಲಿ ದೇವರ ಹೆಸರೇ ಇಲ್ಲ. ತೀರಿಕೊಂಡ ಅಣ್ಣನಾದ ಅಜಗಣ್ಣನ ಹೆಸರಿದೆ. ಅವಳಿಗೆ ಗುರುವೂ ಅವನೇ ಆಗಿದ್ದನು. ಆ ವಚನಗಳಲ್ಲಿ ಅಂಕಿತವು ಪ್ರತಿಸಲ ಬಂದಾಗಲೂ ಶೋಕವು ಹೊಸದಾಗುವುದು. ಅಂಬಿಗರ ಚೌಡಯ್ಯನು ಇವರೆಲ್ಲರಿಗಿಂತಲೂ ಬೇರೆಯವನಾಗಿ, ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತ ಮಾಡಿಕೊಂಡನು. ಅವನ ವಚನಗಳು ದೇವರ ಕಡೆಗೆ ತಿರುಗದೆ ಕೇಳುವವನನ್ನೇ ದಿಟ್ಟಿಸುತ್ತ ಮುಗಿಯುವುದರಿಂದ ಆ ಕಟುತ್ವಕ್ಕೆ ಎಲ್ಲಿಯೂ ಬಿಡುಗಡೆಯಿಲ್ಲ.

ಹರಿದಾಸರಲ್ಲಿ ಅಂಕಿತವು ದೀಕ್ಷೆಯಾಯಿತು. ವಾದಿರಾಜರ ಹಯವದನ, ಪುರಂದರದಾಸರ ಪುರಂದರವಿಠಲ, ಕನಕದಾಸರ ಕಾಗಿನೆಲೆಯಾದಿಕೇಶವ, ಇವು ಎಲ್ಲರೂ ಬಲ್ಲವು. ವಿಜಯದಾಸರ ಪರಂಪರೆಯಲ್ಲಿ ಗುರುವು ಶಿಷ್ಯನಿಗೆ ಅಂಕಿತವನ್ನು ಕೊಡುವುದು ಒಂದು ಕ್ರಮವಾಗಿಯೇ ಬೆಳೆಯಿತು. ತಾನೇ ಆರಿಸಿಕೊಳ್ಳುವ ಕಾವ್ಯನಾಮಕ್ಕೂ ಇದಕ್ಕೂ ಅಂತರವಿದೆ. ಮಾಸ್ತಿಯವರು ಶ್ರೀನಿವಾಸರಾದುದೂ, ಗೋಕಾಕರು ವಿನಾಯಕರಾದುದೂ ಬೇರೆ ಜಾತಿಯ ಸಂಗತಿ. ಬೇಂದ್ರೆಯವರ ಅಂಬಿಕಾತನಯದತ್ತವು ಮಾತ್ರ, ತಾಯಿಯ ಹೆಸರನ್ನು ಒಳಗೆ ಹೊತ್ತಿರುವುದರಿಂದ, ಅಂಕಿತಕ್ಕೂ ಕಾವ್ಯನಾಮಕ್ಕೂ ನಡುವೆ ಎಲ್ಲಿಯೋ ನಿಲ್ಲುವುದು.

ಅಂಕಿತವು ಕೃತಿಯು ಯಾರದೆಂದು ತಿಳಿಯಲು ನೆರವಾಗುವುದೆಂಬುದೇನೋ ನಿಜ. ತಾಳೆಯ ಗರಿಯ ಕಟ್ಟುಗಳಲ್ಲಿ ಹಲವರ ವಚನಗಳು ವಿಷಯಾನುಸಾರವಾಗಿ ಬೆರೆತಿದ್ದಾಗ, ಇದು ಇಂಥವರದೆಂದು ಬೇರ್ಪಡಿಸಲು ಅಂಕಿತವಲ್ಲದೆ ಬೇರೆ ದಾರವು ಸಿಕ್ಕುತ್ತಿರಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರೂ ಅವರ ಹಿಂದೆ ಬಂದ ಸಂಪಾದಕರೂ ಈ ದಾರವನ್ನು ಹಿಡಿದೇ ನಡೆದರು. ಆದರೆ ದಾರಕ್ಕೆ ಎಲ್ಲ ಮಣಿಗಳನ್ನೂ ಪೋಣಿಸಬಹುದು. ಮೂರು ಸಾಲು ಕಟ್ಟಬಲ್ಲವನು ಕೊನೆಗೆ ಸರ್ವಜ್ಞ ಎಂದರೆ ತ್ರಿಪದಿಯು ಸರ್ವಜ್ಞನದಾಗುವುದು. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಆ ವಚನಗಳನ್ನು ಸಂಪಾದಿಸಿದಾಗ ಎದುರಿಸಿದ ತೊಡಕುಗಳಲ್ಲಿ ಇದೊಂದು. ಪುರಂದರದಾಸರು ರಚಿಸಿದ ಪದಗಳು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂದು ಸಂಪ್ರದಾಯವು ಹೇಳುವುದು. ದೊರೆತಿರುವುವು ಅದರಲ್ಲಿ ಅತ್ಯಲ್ಪ. ಅವುಗಳಲ್ಲಿಯೂ ಅಂಕಿತವೊಂದೇ ಆಧಾರವಾಗಿ ಅವರ ಹೆಸರಿಗೆ ಸೇರಿದವು ಇಲ್ಲವೆಂದು ಹೇಳುವ ಧೈರ್ಯವು ಯಾವ ಪಂಡಿತನಿಗೂ ಬಾರದು. ಅದನ್ನೆಲ್ಲ ಕಳ್ಳರುಜುವೆಂದು ಕರೆಯುವುದು ಮಾತ್ರ ನ್ಯಾಯವಲ್ಲ. ಹೆಸರಿಲ್ಲದ ಭಕ್ತನು ತನ್ನ ಹಾಡನ್ನು ಹಿರಿಯರ ಅಂಕಿತಕ್ಕೆ ಒಪ್ಪಿಸುವುದರಲ್ಲಿ ಮೋಸಕ್ಕಿಂತ ಶರಣಾಗತಿಯೇ ಹೆಚ್ಚು.

ಇದರ ವಿಪರ್ಯಾಸವಾದ ಪ್ರಸಂಗವೊಂದು ಇತ್ತೀಚಿನದು. ಮಾತೆ ಮಹಾದೇವಿಯವರು ಬಸವ ವಚನ ದೀಪ್ತಿಯೆಂಬ ಸಂಕಲನದಲ್ಲಿ ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂದಿದ್ದಲ್ಲೆಲ್ಲ ಲಿಂಗದೇವ ಎಂದು ಅಚ್ಚು ಹಾಕಿಸಿದರು. ಈ ಬದಲಾವಣೆಯು ಬಸವಣ್ಣನವರ ಪ್ರೇರಣೆಯಿಂದಲೇ ಆದುದೆಂದು ಅವರ ವಾದವಾಗಿತ್ತು. 1998ರಲ್ಲಿ ಕರ್ನಾಟಕ ಸರ್ಕಾರವು ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಸರ್ಕಾರವು ತಡೆಯುವುದು ಯುಕ್ತವೇ ಎಂಬುದು ಬೇರೆ ಪ್ರಶ್ನೆ. ಅದರಲ್ಲಿ ಸಾಹಿತ್ಯಪ್ರಿಯರಿಗೆ ಸಂತೋಷಪಡತಕ್ಕದ್ದೇನೂ ಇಲ್ಲ. ಶ್ರದ್ಧೆಯ ಪ್ರಶ್ನೆಯನ್ನೂ ಬದಿಗಿಟ್ಟು ಪಾಠವನ್ನಷ್ಟೇ ನೋಡಿದರೆ, ಅದರ ದೋಷವು ಕಾವ್ಯದ ದೋಷ. ಕೂಡಲಸಂಗಮದೇವವೆಂಬುದು ಎಂಟು ಅಕ್ಷರಗಳ ನಡೆ, ಲಿಂಗದೇವವು ನಾಲ್ಕರದು. ವಚನಕ್ಕೆ ಛಂದಸ್ಸಿಲ್ಲದಿದ್ದರೂ ಉಸಿರಿನ ಅಳತೆಯಿದೆ. ಕೊನೆಯ ಉಸಿರು ಅರ್ಧಕ್ಕೆ ತುಂಡಾಗುವುದು. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಆ ಕ್ಷೇತ್ರವು ಬಸವಣ್ಣನವರು ಎಳೆತನದಲ್ಲಿ ಮನೆಯನ್ನು ತೊರೆದು ಸೇರಿದ ಎಡೆಯೆಂಬುದು ಪ್ರಸಿದ್ಧ. ಕೂಡಲವೆಂದರೂ ಕೂಡುವ ಎಡೆ, ಸಂಗಮವೆಂದರೂ ಕೂಡುವ ಎಡೆ. ಕನ್ನಡವೂ ಸಂಸ್ಕೃತವೂ ಆ ಹೆಸರಿನಲ್ಲಿಯೇ ಎರಡು ಹೊಳೆಗಳಂತೆ ಸೇರಿವೆ. ಅಂಕಿತವು ರುಜುವಿನಂತೆ ಕಳಚಿ ಜೋಡಿಸಬಹುದಾದುದೆಂದು ಭಾವಿಸಿದವರಿಗೆ ಮಾತ್ರ ಇದನ್ನು ಬದಲಿಸುವುದು ಸುಲಭವಾಗಿ ಕಂಡೀತು.

ಅಂಕಿತವನ್ನು ಪ್ರೀತಿಯಿಂದ ಬದಲಿಸಿದವರೂ ಉಂಟು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಹೊರಬಂದ ಸ್ಪೀಕಿಂಗ್ ಆಫ್ ಶಿವ ಎಂಬ ಇಂಗ್ಲಿಷ್ ಅನುವಾದದಲ್ಲಿ ಅಂಕಿತಗಳನ್ನು ಹಾಗೆಯೇ ಉಳಿಸದೆ ಅರ್ಥ ಮಾಡಿ ಇಟ್ಟರು. ಕೂಡಲಸಂಗಮದೇವನು ಸೇರುವ ಹೊಳೆಗಳ ಒಡೆಯನಾದನು. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನಾದನು. ಅಂಕಿತವು ಹೊರಗಿನ ಹೆಸರಲ್ಲ, ಕವಿತೆಯ ಒಳಗಿನ ಮಾತೆಂದು ಇವರಷ್ಟು ಚೆನ್ನಾಗಿ ಅರಿತವರು ವಿರಳ. ಕನ್ನಡಿಗರು ದಿನವೂ ಕೇಳಿ ಕಿವಿ ಸವೆದುಹೋಗಿದ್ದ ಹೆಸರಿನಲ್ಲಿ ಮಲ್ಲಿಗೆಯಿದೆಯೆಂದು ನೆನಪು ಮಾಡಿಕೊಟ್ಟವರೂ ಅವರೇ. ಆದರೆ ಅಕ್ಕನ ಮಲ್ಲಿಕಾರ್ಜುನನು ಶ್ರೀಶೈಲದವನು. ಅವಳು ಕಾಡು ಬೆಟ್ಟಗಳನ್ನು ಕಳೆದು ಹುಡುಕಿಕೊಂಡು ಹೋದುದು ಆ ಬೆಟ್ಟದವನನ್ನು. ಇಂಗ್ಲಿಷಿನಲ್ಲಿ ಬಿಳುಪು ಉಳಿದು ಬೆಟ್ಟವು ಮರೆಯಾಯಿತು; ಅವಳು ಮುದ್ದಿನಿಂದ ಸೇರಿಸಿದ ಚೆನ್ನವೂ ಹಿಂದೆಯೇ ನಿಂತಿತು. ಹೀಗಿದ್ದೂ ದಾಸಿಮಯ್ಯನ ರಾಮನಾಥನನ್ನು ಅವರು ಅನುವಾದಿಸದೆ ಬಿಟ್ಟರು. ಒಂದೇ ಗ್ರಂಥದಲ್ಲಿ ಕೆಲವು ಅಂಕಿತಗಳು ಚಿತ್ರಗಳಾಗಿ, ಒಂದು ಮಾತ್ರ ಬರಿಯ ಹೆಸರಾಗಿ ನಿಂತಿರುವುದರಿಂದ, ಕನ್ನಡವರಿಯದ ಓದುಗನು ದಾಸಿಮಯ್ಯನ ದೇವರನ್ನು ಬೇರೊಂದು ಬಗೆಯವನೆಂದು ತಿಳಿದರೆ ತಪ್ಪು ಅವನದಲ್ಲ.

ಪರದೇಶದ ಓದುಗನ ಮಾತು ಹಾಗಿರಲಿ. ಕಚೇರಿಗಳ ಗೋಡೆಗಳ ಮೇಲೆ, ಶಾಲೆಗಳ ಹಲಗೆಗಳ ಮೇಲೆ ಬರೆಯಿಸಿದ ವಚನಗಳನ್ನು ನೋಡಬಹುದು. ಕೆಳಗೆ ಬಲಗಡೆ ಒಂದು ಗೆರೆಯೆಳೆದು ‘ಬಸವಣ್ಣ’ ಎಂದು ಬರೆದಿರುವುದು. ಅಲ್ಲಿಗೆ ಒಂದೇ ವಚನಕ್ಕೆ ಎರಡು ರುಜುಗಳಾದುವೆಂದು ಬರೆಯಿಸಿದವರಿಗೆ ತೋರುವುದೋ ಏನೋ, ಎಷ್ಟೋ ಕಡೆ ಸ್ಥಳದ ಅಭಾವಕ್ಕೆ ಬಲಿಯಾಗುವುದು ಒಳಗಿನ ಅಂಕಿತವೇ. ಉಳಿಯುವುದು ಸಜ್ಜನರಿಗೆ ಹೇಳಿದ ನಾಲ್ಕು ಹಿತವಚನ. ಅದನ್ನು ಯಾರನ್ನು ಕರೆದು ಹೇಳಿದ್ದರೆಂಬುದು ಹಲಗೆಯ ಮೇಲೆ ಇರುವುದಿಲ್ಲ.