ಫಲಿತಾಂಶವೆಂದರೆ ಯಾವುದು?
ಉನ್ನತ ಶಿಕ್ಷಣವನ್ನು ಕುರಿತ ಸಂಶೋಧನೆಗಳ ಒಂದು ವಿಮರ್ಶೆ

ಅಧ್ಯಾಪಕನ ವೃತ್ತಿಜೀವನಕ್ಕೂ ವಿದ್ಯಾರ್ಥಿಯ ಏಳಿಗೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಹೊಸದಲ್ಲ. ಆದರೆ ಈ ಸಂಬಂಧವನ್ನು ಅಂಕಿಸಂಖ್ಯೆಗಳ ಒರೆಗಲ್ಲಿಗೆ ಹಚ್ಚಿ ನೋಡುವ ಸಂಶೋಧನೆ ಕಳೆದ ಎರಡು ದಶಕಗಳಲ್ಲಿ ಹುಲುಸಾಗಿ ಬೆಳೆದಿದೆ. ಅದರ ನಿರ್ಣಯಗಳು ನಮ್ಮ ಆಡಳಿತಗಾರರ ಮಾತಿನಲ್ಲಿಯೂ ಆಗಾಗ ಕೇಳಿಬರುತ್ತಿವೆ. ಆದುದರಿಂದ ಆ ನಿರ್ಣಯಗಳು ಎಷ್ಟರಮಟ್ಟಿಗೆ ಗಟ್ಟಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಾಲೇಜುಗಳಿಗೆ ಅವು ಎಷ್ಟರಮಟ್ಟಿಗೆ ಒಪ್ಪುತ್ತವೆ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಅಮೇರಿಕೆಯಲ್ಲಿ ನಡೆದ ಮೂರು ಅಧ್ಯಯನಗಳನ್ನು ಇಲ್ಲಿ ಪರಿಶೀಲಿಸಬಹುದು. ರೊನಾಲ್ಡ್ ಎಹ್ರೆನ್‌ಬರ್ಗ್ ಮತ್ತು ಲಿಯಾಂಗ್ ಝಾಂಗ್ ಇವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಅರೆಕಾಲಿಕ ಅಧ್ಯಾಪಕರ ಪ್ರಮಾಣ ಏರಿದಂತೆ ಪದವಿ ಪೂರೈಸುವವರ ಪ್ರಮಾಣ ಇಳಿಯುತ್ತದೆಂದು ಕಂಡಿತು. 2010ರಲ್ಲಿ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಲ್ಲಿಯ ವಾಯುಸೇನಾ ಅಕಾಡೆಮಿಯ ಹತ್ತು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳ ದಾಖಲೆಗಳನ್ನು ಶೋಧಿಸಿದರು. ಅಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕನೆಂಬುದನ್ನು ಆಯ್ಕೆಗೆ ಬಿಡದೆ ಚೀಟಿ ಎತ್ತಿದಂತೆ ಹಂಚಲಾಗುತ್ತದೆ. ಅನುಭವ ಕಡಿಮೆಯಿದ್ದ ಅಧ್ಯಾಪಕರ ವಿದ್ಯಾರ್ಥಿಗಳು ಆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಅನುಭವಿಗಳ ವಿದ್ಯಾರ್ಥಿಗಳು ಅದೇ ವಿಷಯದ ಮುಂದಿನ, ಕಠಿಣವಾದ ತರಗತಿಗಳಲ್ಲಿ ಮೇಲುಗೈ ಪಡೆದರು. 2015ರಲ್ಲಿ ಡೇವಿಡ್ ಫಿಗ್ಲಿಯೊ, ಮಾರ್ಟನ್ ಶಾಪಿರೊ, ಕೆವಿನ್ ಸೋಟರ್ ಇವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೊದಲ ವರ್ಷದವರನ್ನು ಕುರಿತು ಪ್ರಕಟಿಸಿದ ಅಧ್ಯಯನ ಇದಕ್ಕೆ ಎದುರಾಗಿ ನಿಲ್ಲುವಂತೆ ತೋರುತ್ತದೆ. ಖಾಯಂ ಶ್ರೇಣಿಯ ಹೊರಗಿದ್ದ ಬೋಧಕರಿಂದ ಪಾಠ ಕೇಳಿದವರೇ ಆ ವಿಷಯವನ್ನು ಮುಂದುವರಿಸಿ ಉತ್ತಮವಾಗಿ ತೇರ್ಗಡೆಯಾದರೆಂಬುದು ಅದರ ನಿರ್ಣಯ.

ಈ ಮೂರನೆಯ ನಿರ್ಣಯವನ್ನು ಹಿಡಿದು, ‘ಖಾಯಂ ನೇಮಕಾತಿ ಏಕೆ ಬೇಕು?’ ಎಂದು ಕೇಳುವವರುಂಟು. ಇದು ಅವಸರದ ಓದು. ನಾರ್ತ್‌ವೆಸ್ಟರ್ನಿನ ಆ ಬೋಧಕರಲ್ಲಿ ಬಹುಮಂದಿ ಪೂರ್ಣಕಾಲಿಕರು. ಒಂದೇ ಸಂಸ್ಥೆಯಲ್ಲಿ ವರ್ಷಾನುವರ್ಷ ನೆಲೆನಿಂತು, ಬೋಧನೆಯನ್ನೇ ಮುಖ್ಯ ಕೆಲಸವಾಗಿಸಿಕೊಂಡವರು. ಆ ಅಧ್ಯಯನ ಎತ್ತಿಹಿಡಿಯುವುದು ಬೋಧನೆಯಲ್ಲಿಯ ಏಕನಿಷ್ಠೆಯನ್ನು, ನೌಕರಿಯ ಅಭದ್ರತೆಯನ್ನಲ್ಲ. ಹೀಗೆ ಓದಿದರೆ ಮೂರೂ ಅಧ್ಯಯನಗಳ ನಡುವಣ ವಿರೋಧ ಬಹಳಮಟ್ಟಿಗೆ ಕರಗುತ್ತದೆ. ಕ್ಯಾರೆಲ್ ಮತ್ತು ವೆಸ್ಟ್ ಅವರಿಂದ ಕಲಿಯಬೇಕಾದುದು ಇದಕ್ಕಿಂತ ಮಿಗಿಲಾದುದು: ಫಲಿತಾಂಶವನ್ನು ಎಂದು ಅಳೆಯುತ್ತೇವೆಂಬುದರ ಮೇಲೆ ಯಾರು ಒಳ್ಳೆಯ ಅಧ್ಯಾಪಕರೆಂಬ ತೀರ್ಪೇ ತಿರುಗಿಬೀಳಬಹುದು.

ಇನ್ನು ನಮ್ಮ ಅಳತೆಗೋಲುಗಳ ಕಡೆಗೆ ಬರೋಣ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ಏಳು ಮಾನದಂಡಗಳನ್ನಿಟ್ಟುಕೊಂಡಿತು. 2017ರ ಪರಿಷ್ಕೃತ ಪದ್ಧತಿಯಲ್ಲಿ ಸಂಯೋಜಿತ ಕಾಲೇಜುಗಳಿಗೆ 1000 ಅಂಕಗಳಲ್ಲಿ 350 ಅಂಕಗಳನ್ನು ಬೋಧನೆ, ಕಲಿಕೆ, ಮೌಲ್ಯಮಾಪನಗಳಿಗೆ ಮೀಸಲಿಟ್ಟುದು ಮೆಚ್ಚತಕ್ಕ ಮಾತು. 2016ರಲ್ಲಿ ಮೊದಲ ಪಟ್ಟಿ ಹೊರಡಿಸಿದ ರಾಷ್ಟ್ರೀಯ ಶ್ರೇಯಾಂಕ ಚೌಕಟ್ಟು ಪದವಿಯ ಫಲಿತಾಂಶಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಆದರೆ ಅದರೊಳಗೆ ಪದವೀಧರರ ಮಧ್ಯಮ ಸಂಬಳವನ್ನೂ ಒಂದು ಅಂಶವಾಗಿ ಸೇರಿಸಿತು. ಮುಂಡರಗಿಯ ಕಡೆಯ ಹುಡುಗನೊಬ್ಬ ಪದವಿ ಪಡೆದು ಮಣ್ಣಿನ ಪರೀಕ್ಷೆಯ ತಿಳಿವಳಿಕೆಯೊಡನೆ ಹೊಲಕ್ಕೆ ಮರಳಿದನೆನ್ನೋಣ. ಅವನಿಗೆ ಸಂಬಳವೇ ಇಲ್ಲವಾದುದರಿಂದ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಊರಿನ ಸಹಕಾರಿ ಸಂಘದ ಕಾರ್ಯದರ್ಶಿಯಾದವನು ಆ ಲೆಕ್ಕವನ್ನು ಕೆಳಗಿಳಿಸುತ್ತಾನೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘವನ್ನು ಹುಟ್ಟುಹಾಕಿದ ಈ ನೆಲದಲ್ಲಿ ಇಂಥ ಲೆಕ್ಕವನ್ನು ಒಪ್ಪುವುದು ಹೇಗೆ?

2010-11ರಿಂದ ನಡೆದುಬಂದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಉಪಯುಕ್ತತೆ ನಿರ್ವಿವಾದ. 2021-22ರ ಅದರ ವರದಿಯಂತೆ ದೇಶದ ದಾಖಲಾತಿ ಪ್ರಮಾಣ ಶೇ. 28.4, ಜನಸಂಖ್ಯೆಗೆ ಹೋಲಿಸಿದರೆ ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕವೇ ಮೊದಲು. ಎಷ್ಟು ಜನ ಸೇರಿದರು, ಎಷ್ಟು ಜನ ತೇರ್ಗಡೆಯಾದರು ಎಂಬುದನ್ನು ಈ ಸಮೀಕ್ಷೆ ಹೇಳುತ್ತದೆ. ಸೇರಿದ ಒಬ್ಬಳು ಮುಂದೆ ಏನಾದಳೆಂಬುದನ್ನು ಹೇಳಲಾರದು. ನಾನು ಪ್ರೌಢಶಾಲೆಯಲ್ಲಿ ಕಲಿಸಿದ ಹುಡುಗಿಯೊಬ್ಬಳು ಪದವಿಯ ಎರಡನೆಯ ವರ್ಷದಲ್ಲಿ ಮದುವೆಯಾಗಿ ಕಾಲೇಜು ಬಿಟ್ಟಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿತು. ಎರಡು ಮಕ್ಕಳ ತಾಯಿಯಾದ ಮೇಲೆ ಅವಳು ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಮುಗಿಸಿದಳು. ಓದುವ ಹಂಬಲವನ್ನು ಹಚ್ಚಿದವರು ಹಳೆಯ ಕಾಲೇಜಿನ ಇತಿಹಾಸದ ಅಧ್ಯಾಪಕರೆಂದು ಅವಳೇ ನನಗೆ ಹೇಳಿದಳು. ಆ ಕಾಲೇಜಿನ ಲೆಕ್ಕದಲ್ಲಿ ಅವಳೊಂದು ನಷ್ಟ. ಆ ಅಧ್ಯಾಪಕರ ಲೆಕ್ಕದಲ್ಲಿ ಅವಳು ಏನೂ ಅಲ್ಲ.

ಅಧ್ಯಾಪಕರ ಸ್ಥಿತಿಯನ್ನು ನೋಡದೆ ಈ ಮಾತು ಪೂರ್ಣವಾಗದು. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆ ಬಹುಕಾಲದಿಂದ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿದೆ. ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತ್ತು. 2022ರ ಜನವರಿಯವರೆಗೆ ಅವರ ಮಾಸಿಕ ಗೌರವಧನ 11,000 ಇಲ್ಲವೆ 13,000 ರೂಪಾಯಿ. ಮುಷ್ಕರದ ತರುವಾಯ ಅದು ಅರ್ಹತೆ, ಅನುಭವಗಳಿಗೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು. ಜೊತೆಗೆ ವಾರಕ್ಕೆ 8ರಿಂದ 10 ಗಂಟೆಯಷ್ಟಿದ್ದ ಬೋಧನೆ 15 ಗಂಟೆಯಾಯಿತು. ಒಬ್ಬರ ಗಂಟೆ ಹೆಚ್ಚಿದರೆ ಇನ್ನೊಬ್ಬರ ಗಂಟೆ ಕಡಿಮೆಯಾಗಲೇಬೇಕೆಂಬುದು ಸರಳ ಗಣಿತ. ನನ್ನ ಹಳೆಯ ಶಿಷ್ಯರೊಬ್ಬರು ಹದಿನೈದು ವರ್ಷ ಹೀಗೆಯೇ ಕಲಿಸಿದವರು. ಒಮ್ಮೆ ಬಸ್ ನಿಲ್ದಾಣದಲ್ಲಿ ಭೇಟಿಯಾದಾಗ ಅವರು ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ: “ಸರ, ನನ್ನ ಹೆಸರು ಹುಡುಗರ ಬಾಯಾಗ ಕಾಯಂ ಐತ್ರಿ, ಕಾಲೇಜಿನ ಪಟ್ಟಿಯೊಳಗ ವರ್ಷಾ ವರ್ಷಾ ಹೊಸದಾಗಿ ಬರೀತಾರ್ರಿ.”

ಖಾಯಂ ಅಧ್ಯಾಪಕರ ವೃತ್ತಿಜೀವನವೂ ಬೋಧನೆಯಿಂದಲೇ ಬೆಳೆಯಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಬಡ್ತಿಗೆ ಸಂಶೋಧನೆಯ ಅಂಕಗಳನ್ನು ಕಟ್ಟಿತು. ಅಂಕಕ್ಕಾಗಿ ಲೇಖನ, ಲೇಖನಕ್ಕಾಗಿ ಪತ್ರಿಕೆ, ಪತ್ರಿಕೆಗಾಗಿ ಹಣ ಎಂಬ ಸರಪಳಿ ಬೆಳೆದುದನ್ನು ಎಲ್ಲರೂ ಬಲ್ಲರು. 2018ರ ನಿಯಮಾವಳಿ ಕಾಲೇಜು ಅಧ್ಯಾಪಕರ ಮಟ್ಟಿಗೆ ಆ ಬಿಗಿಯನ್ನು ಸಡಿಲಿಸಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿಸಿ ಬರಲು ಹೇಳಿದ ಪ್ರಸಂಗ ಓದುಗರಿಗೆ ಹೊಸದಲ್ಲ. ಆ ಹೆಚ್ಚಿನ ಅಕ್ಕಿ ಕಾಯಕದ ಫಲವಾಗಿರದೆ ಆಸೆಯ ಫಲವಾಗಿತ್ತು. ವಿದ್ಯಾರ್ಥಿಗೆ ಮುಟ್ಟದ, ವಿಷಯಕ್ಕೆ ಏನನ್ನೂ ಕೂಡಿಸದ ಲೇಖನಗಳ ರಾಶಿಯೂ ಅಂಥದೇ.

ಇಲ್ಲಿ ಒಂದು ಆಕ್ಷೇಪ ಬರಬಹುದು: 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನ ಶಿಕ್ಷಕರು ಬಡ್ತಿಯನ್ನೂ ಸಂಬಳವನ್ನೂ ಎಣಿಸಿದರೇ? ಎಣಿಸಲಿಲ್ಲ. ಅವರಲ್ಲೊಬ್ಬರಾದ ಶಿ. ಶಿ. ಬಸವನಾಳರು ವಚನ ಸಾಹಿತ್ಯದ ಸಂಪಾದನೆಗೂ ಸಮಯ ಮಾಡಿಕೊಂಡರು. ಆದರೆ ಅವರ ತ್ಯಾಗ ಅವರೇ ಆರಿಸಿಕೊಂಡದ್ದು. ತಾವು ಕಟ್ಟಿದ ಸಂಸ್ಥೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು, ನಾಳೆಯೂ ಅಲ್ಲಿರುವೆವೆಂಬ ಭರವಸೆಯಿತ್ತು. ಇನ್ನೊಬ್ಬರು ಹೇರಿದ ಬಡತನಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಕಾಯಕದ ತತ್ತ್ವವನ್ನು ಸಂಬಳ ತಪ್ಪಿಸುವುದಕ್ಕೆ ಬಳಸುವವರು ಅದರ ಅರ್ಧವನ್ನಷ್ಟೇ ಓದಿದವರು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಜಿಲ್ಲೆಯದೇ ಒಂದು ಅಧ್ಯಯನ ನಡೆಯಬೇಕು; ಅದಕ್ಕೆ ಬೇಕಾದ ಅನುಕೂಲತೆಯೂ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿಗೆಲ್ಲ ಪರೀಕ್ಷೆ ಒಂದೇ. ಆದುದರಿಂದ ಎರಡನೆಯ ಸೆಮಿಸ್ಟರಿನಲ್ಲಿ ಯಾರಿಂದ ಕಲಿತವರು ಮೂರನೆಯ, ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೇಗೆ ನಡೆದರೆಂಬುದನ್ನು ಹೋಲಿಸಬಹುದು. 2022ರಲ್ಲಿ ಬೋಧನೆಯ ಗಂಟೆಗಳು ಬದಲಾದುವು. 2021ರಲ್ಲಿ ಪ್ರಕಟಣೆ ಹೊರಟ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳ ನೇಮಕಾತಿಯಿಂದ ಕೆಲವು ಕಾಲೇಜುಗಳಿಗೆ ಖಾಯಂ ಅಧ್ಯಾಪಕರು ಬಂದರು. ಒಂದೇ ಕಾಲೇಜಿನ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಇದರಿಂದ ಹೋಲಿಸಲು ಬರುತ್ತದೆ.

ಎಚ್ಚರಿಕೆಯೂ ಬೇಕು. 2021-22ರಲ್ಲಿ ಪಠ್ಯಕ್ರಮ ಬದಲಾಯಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದುದರಿಂದ ಹಳ್ಳಿಗಳಿಂದ ಬರುವವರ ಹಾಜರಿಯೂ ಬದಲಾಗಿರಬಹುದು. ಇವೆಲ್ಲವನ್ನೂ ಬೇರ್ಪಡಿಸದೆ ಒಳಿತನ್ನಾಗಲಿ ಕೆಡುಕನ್ನಾಗಲಿ ಅಧ್ಯಾಪಕರ ತಲೆಗೆ ಕಟ್ಟಿದರೆ ಅದು ಸಂಶೋಧನೆಯೆನಿಸದು. ಇದಲ್ಲದೆ ಪ್ರತಿಯೊಂದು ಕಾಲೇಜೂ ಒಂದು ದಪ್ಪ ವಹಿಯನ್ನಿಟ್ಟು, ಸೇರಿದ ಪ್ರತಿಯೊಬ್ಬರನ್ನೂ, ಬಿಟ್ಟುಹೋದವರನ್ನೂ ಕೂಡಿ, ಐದು ವರ್ಷಗಳ ಮೇಲೆ ಒಮ್ಮೆ ವಿಚಾರಿಸಿ ಬರೆದಿಡಬೇಕು. ಕಲಿಸಿದವರ ಹೆಸರೂ, ಅವರು ಅತಿಥಿಗಳಿರಲಿ ಖಾಯಂ ಇರಲಿ, ಅಲ್ಲಿಯೇ ಇರಬೇಕು. ಸಾಲ ಕೊಟ್ಟ ಸಂಘ ಸಾಲಗಾರನ ಹೆಸರನ್ನು ಮರೆಯುವುದಿಲ್ಲ. ವಿದ್ಯೆ ಕೊಟ್ಟ ಸಂಸ್ಥೆ ವಿದ್ಯಾರ್ಥಿಯನ್ನು ಮರೆಯಬಹುದೇ?

ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ಪ್ರದೇಶವನ್ನು ಹೇಳುವಾಗ ಎಣಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಊರಿನ ಮಕ್ಕಳು ಏನು ಕಲಿತರು, ಏನಾದರು ಎಂಬುದನ್ನು ತಿಳಿಯಲು ನಾವು ಪರದೇಶದ ಕೋಷ್ಟಕಗಳನ್ನಷ್ಟೇ ನೆಚ್ಚಬೇಕಾಗಿಲ್ಲ. ಅವುಗಳ ವಿಧಾನವನ್ನು ಕಲಿಯೋಣ. ಪ್ರಶ್ನೆಯನ್ನು ಮಾತ್ರ ನಾವೇ ಕೇಳೋಣ. ಆ ವಹಿಯ ಮೊದಲ ಪುಟದಲ್ಲಿ ಕೆಂಪು ಗೆರೆ ಬಿದ್ದ ಆ ಹುಡುಗಿಯ ಹೆಸರು ಮತ್ತೆ ಬರೆಯಲ್ಪಟ್ಟರೆ ಈ ಲೇಖನದ ಉದ್ದೇಶ ಸಫಲವಾದಂತೆ.