ಬ್ಯಾಟರಿಯ ಮೇಲೆ ಹೊರಿಸುವ ಅಪವಾದ

ಹಳೆಯ ಮಾರುತಿ 800 ಬೆಳಿಗ್ಗೆ ಸೆಲ್ಫ್ ಎತ್ತದೆ ನಿಂತಿತೆಂದರೆ ಸುತ್ತ ಸೇರಿದವರದೆಲ್ಲ ಒಂದೇ ತೀರ್ಪು: ಬ್ಯಾಟರಿ ಹೋಗಿದೆ. ಸಂಜೆಯೊಳಗೆ ಹೊಸದು ಬಂದು ಕೂರುತ್ತದೆ. ಕೆಲವು ವಾರ ಕಳೆದ ಮೇಲೆ ಮತ್ತದೇ ‘ಕಟ್’ ಸದ್ದು. ತಯಾರಿಕೆ 2014ರಲ್ಲೇ ನಿಂತ ಕಾರು, ಇನ್ನೆಷ್ಟು ದಿನ ಎಂದು ಗುಜರಿಯ ಮಾತು ಶುರುವಾಗುತ್ತದೆ. ಓಡಬಲ್ಲ ಕಾರುಗಳು ಹೀಗೆ ಹಾಳಾಗುವುದು ನನಗೆ ಸಂಕಟದ ವಿಷಯ.

ಬ್ಯಾಟರಿ ಕೆಡುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಸೆಖೆಯ ಊರುಗಳಲ್ಲಿ ಮೂರ್ನಾಲ್ಕು ವರ್ಷಕ್ಕೆ ಅದು ಸೋಲುವುದುಂಟು. ನನ್ನ ತಕರಾರು ಇರುವುದು ಜನ ಮುಂದಿಡುವ ಪುರಾವೆಯ ಬಗ್ಗೆ.

‘ಪಕ್ಕದ ಕಾರಿನಿಂದ ಜಂಪ್ ಕೊಟ್ಟೆವು, ತಕ್ಷಣ ಸ್ಟಾರ್ಟ್ ಆಯಿತು’ ಎನ್ನುತ್ತಾರೆ. ಜಂಪ್ ಕೇಬಲ್ಲಿನ ಕರಿ ಕ್ಲಿಪ್ಪನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸಬೇಕೆಂಬುದು ಸುರಕ್ಷತೆಯ ನಿಯಮ. ಬ್ಯಾಟರಿಯ ಬಳಿ ಕಿಡಿ ಹಾರಿದರೆ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ಹಾಗೆ ಕಚ್ಚಿಸಿದೊಡನೆ ಕರೆಂಟು ಕಾರಿನ ಸ್ವಂತ ಅರ್ತ್ ಕೇಬಲ್ಲನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ದೋಷ ಆ ಅರ್ತ್‌ನಲ್ಲೇ ಇದ್ದರೂ ಎಂಜಿನ್ ಏಳುತ್ತದೆ, ಅಪವಾದ ಬ್ಯಾಟರಿಗೆ. ಹೊಸ ಬ್ಯಾಟರಿ ಹಾಕಿದ ಮೇಲೆ ಸರಿಹೋಯಿತೆಂಬ ಮಾತೂ ಅಷ್ಟೇ ಸಡಿಲ. ಕೂರಿಸುವವನು ಟರ್ಮಿನಲ್ಲುಗಳನ್ನು ಉಜ್ಜುತ್ತಾನೆ, ಬಿಗಿ ಮಾಡುತ್ತಾನೆ. ಕಾರನ್ನು ಎಬ್ಬಿಸಿದ್ದು ಸಾವಿರಾರು ರೂಪಾಯಿಯ ಬ್ಯಾಟರಿಯೋ, ಆ ಉಜ್ಜುಕಾಗದವೋ ಎಂದು ಆಮೇಲೆ ಹೇಳಲಾಗದು.

ತದ್ವಿರುದ್ಧದ ನಂಬಿಕೆಯೂ ಒಂದಿದೆ: ಹೆಡ್‌ಲೈಟ್ ಜೋರಾಗಿದೆ, ಹಾರ್ನ್ ಕೂಗುತ್ತಿದೆ, ಆದ್ದರಿಂದ ಬ್ಯಾಟರಿ, ವೈರು ಎಲ್ಲ ಗಟ್ಟಿ. ಎರಡು ಹೆಡ್‌ಲೈಟಿಗೆ ಬೇಕಾದದ್ದು ಸುಮಾರು 10 ಆಂಪಿಯರ್. 796 ಸಿಸಿಯ ಪುಟ್ಟ ಎಂಜಿನ್ನನ್ನು ತಿರುಗಿಸಲೂ ಸೆಲ್ಫ್ ಮೋಟಾರಿಗೆ ಅದರ ಹತ್ತು ಪಟ್ಟಿನ ಆಸುಪಾಸು ಬೇಕು. 100 ಆಂಪಿಯರ್ ಹರಿಯುವಾಗ 0.01 ಓಮ್ ತಡೆ ಕೂಡ 1 ವೋಲ್ಟನ್ನು ನುಂಗುತ್ತದೆ. ಅಷ್ಟು ಸಣ್ಣ ತಡೆ ಮಾಮೂಲಿ ಮೀಟರಿನ ಓಮ್ ಅಳತೆಯಲ್ಲಿ ಸಿಗುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟೇಜ್ ನೋಡಬೇಕು.

ಅದಕ್ಕೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕಾರ್ಬುರೇಟರ್ ಮಾಡೆಲ್ ಆದರೆ ಇಗ್ನಿಷನ್ ಕಾಯಿಲಿಗೆ ಬರುವ ವೈರು ಕಳಚಿರಲಿ. ಒಬ್ಬರು ಕೀ ತಿರುಗಿಸಿದಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ 0.5 ಮೀರಬಾರದು. ಮೀಟರಿನ ಮೊನೆ ತಾಗಬೇಕಾದದ್ದು ಸೀಸದ ಕಂಬಕ್ಕೇ ಹೊರತು ಕ್ಲಾಂಪಿಗಲ್ಲ, ಏಕೆಂದರೆ ತುಕ್ಕು ಅಡಗುವುದು ಅವೆರಡರ ಸಂದಿಯಲ್ಲಿ. ಕರಾವಳಿಯ ಉಪ್ಪುಗಾಳಿ ಕುಡಿದ ಕಾರುಗಳಲ್ಲಂತೂ ಕೇಬಲ್ಲಿನ ಹೊರಕವಚ ಚೆನ್ನಾಗಿದ್ದು ಒಳಗಿನ ತಾಮ್ರ ಹಸಿರುಗಟ್ಟಿರಬಹುದು. ಪೂರ್ತಿ ಚಾರ್ಜ್ ಆಗಿ 12.6 ತೋರಿಸುತ್ತಿದ್ದ ಬ್ಯಾಟರಿ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗಿಳಿದರೆ ಮಾತ್ರ ಅದರ ಮೇಲಿನ ಸಂಶಯಕ್ಕೆ ಆಧಾರವಿದೆ.

ಸದ್ದಿಗೂ ಕಿವಿ ಕೊಡಬೇಕು. ‘ಟಕಟಕಟಕ’ ಎಂದರೆ ಸಾಮಾನ್ಯವಾಗಿ ವೋಲ್ಟೇಜ್ ಕುಸಿಯುತ್ತಿದೆ. ಒಂದೇ ‘ಕಟ್’ ಆದರೆ ಸೊಲೆನಾಯ್ಡಿನ ತಾಮ್ರದ ಸಂಪರ್ಕ ಅಥವಾ ಮೋಟಾರಿನ ಬ್ರಷ್ ಸವೆದಿರಬಹುದು; ಸುತ್ತಿಗೆಯಿಂದ ಹಗುರಾಗಿ ತಟ್ಟಿದಾಗ ತಿರುಗಿತೆಂದರೆ ಅದಕ್ಕೆ ಬಲವಾದ ಸೂಚನೆ. ತಟ್ಟುವುದನ್ನೇ ರಿಪೇರಿ ಎಂದುಕೊಳ್ಳುವುದು ಬೇಡ. ಸದ್ದೇ ಇಲ್ಲವಾದರೆ ಕೀ ಸ್ವಿಚ್ಚನ್ನೂ ಅಲ್ಲಿಂದ ಸೊಲೆನಾಯ್ಡಿಗೆ ಬರುವ ತೆಳು ವೈರನ್ನೂ ಮೊದಲು ನೋಡಿ.

ಹಳೆಯ ಕಾರಿನ ವೈರಿಂಗ್ ಬಗೆಹರಿಯದ ಗೋಜಲು ಎಂಬ ಹೆದರಿಕೆಗೂ ಇಲ್ಲಿ ಕಾರಣವಿಲ್ಲ. ಸ್ಟಾರ್ಟ್ ಮಾಡುವ ದಾರಿಯಲ್ಲಿರುವುದು ಬೆರಳೆಣಿಕೆಯ ಭಾಗಗಳು, ಎಲ್ಲವೂ ಕೈಗೆಟುಕುವಂಥವು.

ಬ್ಯಾಟರಿ ನಿಜಕ್ಕೂ ಸೋತಿದ್ದರೂ ಬದಲಿಸುವ ಮೊದಲು ಅದು ಸೋತದ್ದೇಕೆಂದು ಕೇಳಬೇಕು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬರದಿದ್ದರೆ ಆಲ್ಟರ್ನೇಟರ್ ಕಡೆ ನೋಡಬೇಕು. ಹಿಂದೆ ಯಾರೋ ಹಾಕಿಸಿದ ಸ್ಟೀರಿಯೊ ನಿಂತ ಕಾರಿನಲ್ಲೂ ಅರ್ಧ ಆಂಪಿಯರ್ ಹೀರುತ್ತಿದ್ದರೆ, 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನದಲ್ಲಿ ಬರಿದಾಗುತ್ತದೆ, ಅದು ನಿನ್ನೆ ಕೊಂಡದ್ದಾದರೂ.